ಬಾಕ್ಸರ್ ಎಂಜಿನ್ನೋ, ಇನ್‌ಲೈನ್ ಎಂಜಿನ್ನೋ?

ಎರಡೂ ಮುಷ್ಟಿಗಳನ್ನು ಎದೆಯ ಮುಂದೆ ಎದುರುಬದುರು ಹಿಡಿಯಿರಿ. ಒಟ್ಟಿಗೆ ಹೊರಗೆ ಚಾಚಿ, ಒಟ್ಟಿಗೆ ಒಳಗೆ ತನ್ನಿ. ಬಾಕ್ಸರ್ ಎಂಜಿನ್‌ನಲ್ಲಿ ಸಿಲಿಂಡರ್‌ಗಳು ಎರಡೂ ಬದಿಗೆ ಎದುರುಬದುರಾಗಿ ಮಲಗಿರುತ್ತವೆ, ಅವುಗಳೊಳಗೆ ಪಿಸ್ಟನ್‌ಗಳು ಓಡಾಡುವುದು ಹೀಗೇ. ಒಂದು ಎಡಕ್ಕೆ ತಳ್ಳಿದ ಬಲವನ್ನು ಇನ್ನೊಂದು ಬಲಕ್ಕೆ ತಳ್ಳಿ ಅಳಿಸುತ್ತದೆ. ನಾಲ್ಕು ಸಿಲಿಂಡರ್‌ಗಳು ಸಾಲಾಗಿ ನಿಂತ ಇನ್‌ಲೈನ್ ಎಂಜಿನ್‌ನಲ್ಲಿ ಈ ಸೌಲಭ್ಯ ಪೂರ್ತಿ ಸಿಗುವುದಿಲ್ಲ. ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸುವ ದಂಡ) ಒಂದು ಸುತ್ತು ತಿರುಗಿದಾಗ ಎರಡು ಸಲ ನಡುಗುವ ಒಂದು ಕಂಪನ ಉಳಿದೇ ಉಳಿಯುತ್ತದೆ. ಅದನ್ನು ತಗ್ಗಿಸಲು ದೊಡ್ಡ ಎಂಜಿನ್‌ಗಳಿಗೆ ಬ್ಯಾಲೆನ್ಸ್ ಶಾಫ್ಟ್, ಅಂದರೆ ಕಂಪನಕ್ಕೆ ಎದುರಾಗಿ ತಿರುಗುವ ತೂಕದ ದಂಡ, ಹಾಕುತ್ತಾರೆ.

ಬಾಕ್ಸರ್ ಮಲಗಿರುವುದರಿಂದ ಭಾರ ನೆಲಕ್ಕೆ ಹತ್ತಿರ. ತಿರುವಿನಲ್ಲಿ ಗಾಡಿ ವಾಲುವುದು ಕಡಿಮೆ. ನನಗೆ ಇದರ ಮೇಲೆ ಪ್ರೀತಿ ಜಾಸ್ತಿ ಆಗಿರುವುದೇ ಇದಕ್ಕೆ.

ಆದರೆ ರಿಪೇರಿ? ಇನ್‌ಲೈನ್‌ನಲ್ಲಿ ಸ್ಪಾರ್ಕ್ ಪ್ಲಗ್ ಸಾಮಾನ್ಯವಾಗಿ ಮೇಲೇ ಇರುತ್ತದೆ. ಬಾಕ್ಸರ್ ಕಾರಿನಲ್ಲಿ ಅದು ಪಕ್ಕದಲ್ಲಿ, ಚಾಸಿಗೆ ತಾಗುವಂತೆ ಕೂತಿರುತ್ತದೆ. ಕೈ ತೂರಿಸಲೂ ಜಾಗ ಸಾಲದು. ಸಿಲಿಂಡರ್ ಮುಚ್ಚುವ ಸಿಲಿಂಡರ್ ಹೆಡ್ ಎರಡು, ಅದರಡಿಯ ಸೋರಿಕೆ ತಡೆಯುವ ಹೆಡ್ ಗ್ಯಾಸ್ಕೆಟ್ ಎರಡು. ಖರ್ಚು ಏರುತ್ತದೆ, ಅಲ್ವಾ?

ಜರ್ಮನಿಯ ಕಾರು ತಯಾರಕ ಕಾರ್ಲ್ ಬೆಂಜ್ 1890ರ ದಶಕದಲ್ಲೇ ಬಾಕ್ಸರ್ ವಿನ್ಯಾಸ ಮಾಡಿದ್ದರು. 1923ರ ಬಿಎಂಡಬ್ಲ್ಯೂ ಆರ್32 ಬೈಕ್, ಫೋಕ್ಸ್‌ವ್ಯಾಗನ್ ಬೀಟಲ್, ಸುಬಾರು, ಪೋರ್ಷೆ 911 ಎಲ್ಲವೂ ಇದೇ ದಾರಿ ಹಿಡಿದವು. ಸಣ್ಣ ವಿಮಾನಗಳಲ್ಲಂತೂ ಇದರದ್ದೇ ರಾಜ್ಯ. ಎರಡೂ ಬದಿಗೆ ಚಾಚಿದ ಸಿಲಿಂಡರ್‌ಗಳಿಗೆ ನೇರ ಗಾಳಿ ಬಡಿದು ಎಂಜಿನ್ ತಣ್ಣಗಿರುತ್ತದೆ.

ದಿನದ ಓಡಾಟಕ್ಕೆ, ಸುಲಭ ರಿಪೇರಿಗೆ ಇನ್‌ಲೈನ್ ತೆಗೆದುಕೊಳ್ಳಿ. ತಿರುವು ರಸ್ತೆಯಲ್ಲಿ ಓಡಿಸುವುದೇ ಖುಷಿ ಅನ್ನುವವರು ಬಾಕ್ಸರ್ ಒಮ್ಮೆ ಓಡಿಸಿ ನೋಡಲೇಬೇಕು.