ನಾಲ್ಕು ಪ್ಯಾಕೆಟ್ ಕಾಫಿಪುಡಿ, ಒಂದೇ ಫಿಲ್ಟರ್: ನನ್ನ ಓಟು 80:20ಕ್ಕೆ

ಸ್ಟೀಲ್ ಫಿಲ್ಟರಿನಲ್ಲಿ ಡಿಕಾಕ್ಷನ್ ಇಳಿಸಿ ಹಾಲು ಹಾಕಿ ಕುಡಿಯುವ ಮನೆಗೆ 80:20, ಅಂದರೆ 80 ಭಾಗ ಕಾಫಿಗೆ 20 ಭಾಗ ಚಿಕೋರಿ (ಹುರಿದ ಬೇರಿನ ಪುಡಿ) ಬೆರಸಿದ್ದು, ಸಾಕು. ಅದಕ್ಕಿಂತ ಮೇಲೆ ಹೋದರೆ ದುಡ್ಡು ದಂಡ, ಕೆಳಗೆ ಹೋದರೆ ಕಾಫಿ ದಂಡ. ಆನ್‌ಲೈನಿನಲ್ಲಿ ತರಿಸಿದ ನಾಲ್ಕು ಪುಡಿಗಳನ್ನು ಮೂರು ವಾರ ಪಕ್ಕಪಕ್ಕ ಇಟ್ಟು ಕುಡಿದ ಮೇಲಿನ ಮಾತು ಇದು. ನಾಲ್ಕರಲ್ಲಿ ಅತಿ ದುಬಾರಿಯದ್ದೇ ಮೊದಲ ವಾರ ಅತಿ ಕೆಟ್ಟ ಕಾಫಿ ಕೊಟ್ಟಿತು. ತಪ್ಪು ಬೀಜದ್ದಲ್ಲ, ಬೀಸಿದ ರೀತಿಯದ್ದು. ಅದರ ಕಥೆ ಸ್ವಲ್ಪ ಉದ್ದ ಇದೆ, ಆಮೇಲೆ ಬರುತ್ತದೆ.

ಎಲ್ಲವೂ 250 ಗ್ರಾಂ ಪ್ಯಾಕೆಟ್. ಚಿಕ್ಕಮಗಳೂರಿನ ಶುದ್ಧ ಅರೇಬಿಕಾ, ಮಧ್ಯಮ ಹುರಿತ, 390 ರೂಪಾಯಿ. ಪೀಬೆರಿ ಮತ್ತು ರೋಬಸ್ಟಾ ಚೆರಿ (ಹಣ್ಣಿನ ಸಮೇತ ಒಣಗಿಸಿ ತೆಗೆದ ಬೀಜ) ಸೇರಿಸಿದ 80:20, 240 ರೂಪಾಯಿ. ಕೊಡಗಿನ ಶುದ್ಧ ರೋಬಸ್ಟಾ, 215. ಬೀಜ ಯಾವುದೆಂದು ಹೇಳದ 60:40, 160. ಈ ಜೋಡಿ ಅಂಕಿಗಳಲ್ಲಿ ಮೊದಲನೆಯದು ಕಾಫಿ, ಎರಡನೆಯದು ಚಿಕೋರಿ. ಚಿಕೋರಿ ಬೆರಸಿದ ಪುಡಿಯಲ್ಲಿ ಕನಿಷ್ಠ 51 ಭಾಗ ಕಾಫಿ ಇರಲೇಬೇಕು, ಪ್ರಮಾಣವನ್ನು ಪ್ಯಾಕೆಟ್ಟಿನ ಮೇಲೆ ಅಚ್ಚು ಹಾಕಲೇಬೇಕು ಅನ್ನುವುದು ನಿಯಮ. ಹಾಗಾಗಿ ಮುಂಭಾಗದ ಬಣ್ಣದ ಚಿತ್ರ ಬಿಟ್ಟು ಹಿಂಭಾಗದ ಸಣ್ಣಕ್ಷರ ನೋಡಿ. ಆನ್‌ಲೈನಿನಲ್ಲಾದರೆ ಕೊನೆಯ ಫೋಟೋವನ್ನು ಹಿಗ್ಗಿಸಿ ನೋಡಬೇಕು.

ಅಳತೆ ಎಲ್ಲದಕ್ಕೂ ಒಂದೇ: 30 ಗ್ರಾಂ ಪುಡಿ, 150 ಮಿಲಿ ನೀರು. ಪುಡಿ ತನ್ನ ತೂಕದ ಹೆಚ್ಚುಕಮ್ಮಿ ಎರಡರಷ್ಟು ನೀರನ್ನು ಹಿಡಿದಿಟ್ಟುಕೊಳ್ಳುವುದರಿಂದ ಕೆಳಗೆ ಬರುವುದು 90 ಮಿಲಿ ಆಸುಪಾಸು. ಬೆಂಗಳೂರಿನ ಎತ್ತರದಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಕುದಿ ಬಂದ ನೀರನ್ನು ಇಲ್ಲಿ ನೇರವಾಗಿ ಸುರಿದರೂ ಪುಡಿ ಸೀಯುವುದಿಲ್ಲ. ಮಂಗಳೂರು, ಕಾರವಾರದವರು ಅರ್ಧ ನಿಮಿಷ ಬಿಟ್ಟು ಸುರಿಯಲಿ. ಪ್ರತಿ ಡಿಕಾಕ್ಷನ್ನನ್ನೂ ಮೊದಲು ಬಿಸಿನೀರಿನಲ್ಲಿ, ಆಮೇಲೆ ಸಕ್ಕರೆ ಇಲ್ಲದ ಹಾಲಿನಲ್ಲಿ, ಕೊನೆಗೆ ಒಂದು ಚಮಚ ಸಕ್ಕರೆ ಹಾಕಿ ಕುಡಿದದ್ದು. ಇನ್ನೊಂದು ಲೋಟ ಆರು ಗಂಟೆ ಬಿಟ್ಟು. ಬೆಳಗಿನ ಡಿಕಾಕ್ಷನ್ ಸಂಜೆಗೂ ಬರಬೇಕು ಅನ್ನುವುದು ನಮ್ಮ ಎಷ್ಟೋ ಮನೆಗಳ ಅಭ್ಯಾಸ, ಪರೀಕ್ಷೆಯೂ ಹಾಗೇ ಇರಬೇಕಲ್ಲ.

80:20ರ ಬಗ್ಗೆ ದೂರು ಕಡಿಮೆ, ಹಾಗಾಗಿ ಮಾತೂ ಕಡಿಮೆ. ನೀರು ಹಾಕಿ ಒಂದು ನಿಮಿಷದೊಳಗೆ ಮೊದಲ ಹನಿ, 20-22 ನಿಮಿಷಕ್ಕೆ ಪೂರ್ತಿ ಇಳಿದು ಮುಗಿಯುತ್ತದೆ. ಪರಿಮಳ ಪೀಬೆರಿಯದ್ದು, ಗಟ್ಟಿತನ ರೋಬಸ್ಟಾದ್ದು, ನಾಲಿಗೆ ಮೇಲೆ ನಿಲ್ಲುವ ಮಂದ ಚಿಕೋರಿಯದ್ದು. 30 ಮಿಲಿಗೆ 90 ಮಿಲಿ ಹಾಲು ಹಾಕಿದರೂ ಕಾಫಿ ಎಲ್ಲೂ ಕಳೆದುಹೋಗುವುದಿಲ್ಲ. ಸಂಜೆಗೂ ರುಚಿ ಕೆಡಲಿಲ್ಲ. ಡಿಕಾಕ್ಷನ್ ಪಾತ್ರೆಯನ್ನು ಒಲೆ ಮೇಲಿಡದೆ ಬಿಸಿನೀರಿನಲ್ಲಿ ಕೂರಿಸಿ ಬಿಸಿ ಮಾಡಿದರೆ ಮಾತ್ರ. ಅಂದಹಾಗೆ ಪೀಬೆರಿ ಅಂದರೆ ಬೇರೆ ಜಾತಿಯ ಗಿಡವಲ್ಲ, ಹಣ್ಣಿನೊಳಗೆ ಎರಡು ಚಪ್ಪಟೆ ಬೀಜದ ಬದಲು ಒಂದೇ ದುಂಡು ಬೀಜ ಬೆಳೆದಿರುವುದು. ದುಂಡಗಿರುವುದರಿಂದ ಹುರಿಯುವಾಗ ಚೆನ್ನಾಗಿ ಉರುಳಿ ಸಮನಾಗಿ ಬೇಯುತ್ತದೆ. ಅದೊಂದು ಪದಕ್ಕೆ ಐವತ್ತು-ಅರವತ್ತು ರೂಪಾಯಿ ಹೆಚ್ಚು ಕೇಳಿದರೆ ಕೊಡಬೇಡಿ. ಈ ಪ್ಯಾಕೆಟ್ಟಿನ ಒಂದೇ ಕೊರತೆ: ಪ್ಯಾಕ್ ಮಾಡಿದ ದಿನಾಂಕ ಇದೆ, ಹುರಿದ ದಿನಾಂಕ ಇಲ್ಲ.

ಈಗ ಆ ಅರೇಬಿಕಾ.

ಚಿಕ್ಕಮಗಳೂರು, ಬಾಬಾಬುಡನ್‌ಗಿರಿ, ಕೊಡಗು ಈ ಮೂರೂ ಕಡೆಯ ಅರೇಬಿಕಾಗೆ 2019ರಲ್ಲಿ ಜಿಐ ಟ್ಯಾಗ್ ಸಿಕ್ಕಿದೆ. ಬೀಜ ಎಲ್ಲಿಯದು ಅನ್ನುವುದಕ್ಕೆ ಅದು ಗುರುತು. ಪುಡಿ ಹೇಗೆ ಬೀಸಿದ್ದಾರೆ ಅನ್ನುವುದಕ್ಕಲ್ಲ. ತೋಟದವರೇ ನೇರವಾಗಿ ಮಾರುವ ತಾಣಗಳಲ್ಲಿ ಈಗ ಪುಡಿ ಆರ್ಡರ್ ಮಾಡುವಾಗ ಒಂದು ಪಟ್ಟಿ ತೆರೆದುಕೊಳ್ಳುತ್ತದೆ: ಎಸ್ಪ್ರೆಸೊ, ಮೋಕಾ ಪಾಟ್, ಫ್ರೆಂಚ್ ಪ್ರೆಸ್, ಫಿಲ್ಟರ್, ಸೌತ್ ಇಂಡಿಯನ್ ಫಿಲ್ಟರ್. ನಮ್ಮ ಕಡೆ ಫಿಲ್ಟರ್ ಅಂದರೆ ಒಂದೇ ಫಿಲ್ಟರ್, ಇನ್ನೊಂದು ಇದೆ ಎಂದು ಯಾರಿಗೂ ಹೊಳೆಯುವುದಿಲ್ಲ. ಪಟ್ಟಿಯಲ್ಲಿರುವ ಬರೀ ‘ಫಿಲ್ಟರ್’ ಅಂದರೆ ಕಾಗದದ ಫಿಲ್ಟರ್. ಆಲಿಕೆಯಂಥ ಪಾತ್ರೆಯಲ್ಲಿ ಕಾಗದ ಇಟ್ಟು ಮೇಲಿಂದ ನೀರು ಸುರಿದು, ಹಾಲಿಲ್ಲದೆ ಕುಡಿಯುವವರಿಗಾಗಿ ಬೀಸಿದ್ದು. ಅದು ಉಪ್ಪಿಟ್ಟಿನ ರವೆಯಷ್ಟು ತರಿ. ನಮ್ಮ ಸ್ಟೀಲ್ ಫಿಲ್ಟರಿಗೆ ಬೇಕಾದದ್ದು ಚಿರೋಟಿ ರವೆಯಷ್ಟು. ಎಸ್ಪ್ರೆಸೊ ಎಂದು ಒತ್ತಿದರೆ ಹೆಚ್ಚುಕಮ್ಮಿ ಹಿಟ್ಟೇ ಬರುತ್ತದೆ.

ತರಿ ಪುಡಿ ಹಾಕಿದಾಗ 150 ಮಿಲಿ ನೀರು ನಾಲ್ಕೇ ನಿಮಿಷಕ್ಕೆ ದಡದಡ ಕೆಳಗಿಳಿಯಿತು. ಬಂದದ್ದು ಡಿಕಾಕ್ಷನ್ ಅಲ್ಲ, ಕೆಂಚು ಬಣ್ಣದ ತಿಳಿನೀರು. ಸ್ಟೀಲ್ ಫಿಲ್ಟರಿನಲ್ಲಿ ನೀರನ್ನು ತಡೆದು ನಿಲ್ಲಿಸುವುದು ತೂತುಗಳಲ್ಲ, ಪುಡಿಯ ಹಾಸು. ಕಣ ದಪ್ಪವಾದರೆ ನಡುವಿನ ಸಂದು ದೊಡ್ಡದು, ನೀರು ಕಣದ ಹೊರಮೈ ತೊಳೆದುಕೊಂಡು ಓಡಿಬಿಡುತ್ತದೆ. ಕಾಫಿಯಿಂದ ಮೊದಲು ಬಿಟ್ಟುಕೊಳ್ಳುವುದು ಹುಳಿ. ಸಿಹಿ, ಕಹಿ, ಗಟ್ಟಿತನ ಎಲ್ಲ ಆಮೇಲಿನ ನಿಮಿಷಗಳವು. ನಾಲ್ಕು ನಿಮಿಷದಲ್ಲಿ ಮುಗಿದರೆ ಲೋಟದಲ್ಲಿ ಉಳಿಯುವುದು ಬರೀ ಹುಳಿ. ಅರೇಬಿಕಾ ಮೊದಲೇ ಹುಳಿ ಜಾಸ್ತಿ ಇರುವ ಜಾತಿ, ಮೇಲಾಗಿ ಮಧ್ಯಮ ಹುರಿತ. ನಂದಿನಿ ನೀಲಿ ಪ್ಯಾಕೆಟ್ಟಿನ 3 ಶೇಕಡಾ ಕೊಬ್ಬಿನ ಹಾಲು ಹಾಕಿದಾಗ ಹಾಲೇ ಒಡೆಯುವ ಅಂಚಿನಲ್ಲಿದೆಯೇನೋ ಅನ್ನಿಸುವಂಥ ರುಚಿ. ಶುಭಂ ಹಾಲಿನ 4.5 ಶೇಕಡಾ ಕೊಬ್ಬು ಅದನ್ನು ಸ್ವಲ್ಪ ಮುಚ್ಚಿತು, ಅಷ್ಟೇ.

ವಾಪಸ್ ಕಳಿಸುವ ಹಾಗಿಲ್ಲ, ಪುಡಿ ಮಾಡಿಸಿದ ಮಾಲನ್ನು ಯಾರೂ ತಗೊಳ್ಳುವುದಿಲ್ಲ. ಹಾಗಾಗಿ ರಿಪೇರಿ. ಪುಡಿಯನ್ನು 45 ಗ್ರಾಮಿಗೆ ಏರಿಸಿದರೆ ಬಣ್ಣ ಬಂತು, ಹುಳಿಯೂ ಜೊತೆಗೇ ಏರಿತು, ಖರ್ಚು ಒಂದೂವರೆಪಟ್ಟು. ಇಳಿದ ಡಿಕಾಕ್ಷನ್ನನ್ನೇ ಮತ್ತೆ ಮೇಲಿಂದ ಸುರಿದರೆ ಕಪ್ಪಾಯಿತು, ಆದರೆ ಆ ಹೊತ್ತಿಗೆ ಆರಿಹೋಗಿದ್ದರಿಂದ ಮಣ್ಣುಮಣ್ಣು ಕಹಿ. ಒಳಗಿನ ಕೊಡೆಯಿಂದ (ಹಿಡಿ ಇರುವ ತೂತಿನ ತಟ್ಟೆ) ಬಿಗಿಯಾಗಿ ಒತ್ತಿ ನೋಡಿದರೂ ಉಪಯೋಗವಿಲ್ಲ, ತರಿ ಪುಡಿ ಅದುಮಿದರೆ ಅದುಮಿಕೊಳ್ಳುವುದಿಲ್ಲ.

ಕೆಲಸಕ್ಕೆ ಬಂದದ್ದು ಮಿಕ್ಸಿಯ ಚಟ್ನಿ ಜಾರು. ಮೊದಲು ಒಂದು ಹಿಡಿ ಅಕ್ಕಿ ಹಾಕಿ ತಿರುವಿ ಚೆಲ್ಲಿ, ಇಲ್ಲದಿದ್ದರೆ ಕಾಫಿಯಲ್ಲಿ ಬೆಳ್ಳುಳ್ಳಿ ಇಣುಕುತ್ತದೆ. ಜಾರು ಒಣಗಿರಬೇಕು, ಒಮ್ಮೆಗೆ 50 ಗ್ರಾಮಿಗಿಂತ ಹೆಚ್ಚು ಬೇಡ. ಎರಡೆರಡು ಸೆಕೆಂಡಿನಂತೆ ನಾಲ್ಕು ಸಲ, ನಡುವೆ ಜಾರನ್ನು ಅಲ್ಲಾಡಿಸುತ್ತ. ಒಂದೇ ಸಮನೆ ಓಡಿಸಿದರೆ ಜಾರು ಬಿಸಿಯಾಗಿ ಪುಡಿ ಎಣ್ಣೆ ಬಿಟ್ಟು ಗೋಡೆಗೆ ಅಂಟುತ್ತದೆ, ಪರಿಮಳ ಅಲ್ಲೇ ಹೋಯಿತು. ಮಿಕ್ಸಿಯ ಬ್ಲೇಡು ಬೀಸುವುದಿಲ್ಲ, ಕತ್ತರಿಸುತ್ತದೆ. ಅರ್ಧ ಧೂಳು, ಅರ್ಧ ಕಾಳು ಅನ್ನುವ ಹಾಗೆ ಬರುತ್ತದೆ. ಟೀ ಸೋಸುವ ಜಾಲರಿಯಲ್ಲಿ ಜರಡಿ ಹಿಡಿದು ಮೇಲೆ ನಿಂತದ್ದನ್ನು ಮತ್ತೊಮ್ಮೆ ತಿರುವಿದಾಗ ಇಳಿಯುವ ಹೊತ್ತು 4 ನಿಮಿಷದಿಂದ 18ಕ್ಕೆ ಬಂತು. ಆಗ ಮೊದಲ ಸಲ ಆ ಬೀಜದ ನಿಜವಾದ ಗುಣ ಗೊತ್ತಾಯಿತು: ಬಿಸಿನೀರಿನಲ್ಲಿ ಕಿತ್ತಳೆ ಸಿಪ್ಪೆಯಂಥ ಪರಿಮಳ, ಬೆಲ್ಲದ ನೆರಳು, ಕಹಿ ಇಲ್ಲವೇ ಇಲ್ಲ. ಹಾಲು ಬಿದ್ದ ಕೂಡಲೇ ಮುಕ್ಕಾಲು ಪಾಲು ಮಾಯ. 390 ರೂಪಾಯಿಯ ಸೂಕ್ಷ್ಮವನ್ನೆಲ್ಲ ಹಾಲಿನಲ್ಲಿ ಮುಳುಗಿಸುವುದಾದರೆ ತರಿಸುವುದೇಕೆ?

ಇದರ ಉಲ್ಟಾ ತೊಂದರೆ 60:40ರದ್ದು. ಇಳಿಯುವುದೇ ಇಲ್ಲ. ಚಿಕೋರಿ ಕಾಫಿಯಲ್ಲ, ಗುಜರಾತ್ ಮತ್ತು ಉತ್ತರ ಪ್ರದೇಶದಲ್ಲಿ ಬೆಳೆಯುವ ಒಂದು ಗಿಡದ ಬೇರನ್ನು ಹುರಿದು ಪುಡಿ ಮಾಡಿದ್ದು. ಅದರಲ್ಲಿ ನೀರಿಗೆ ಕರಗುವ ಅಂಶ ಕಾಫಿಗಿಂತ ಎಷ್ಟೋ ಹೆಚ್ಚು. ಒಂದು ಗಾಜಿನ ಲೋಟದಲ್ಲಿ ತಣ್ಣೀರು ತಗೊಂಡು ಮೇಲೆ ಚಿಟಿಕೆ ಪುಡಿ ಉದುರಿಸಿ ನೋಡಿ. ಕಾಫಿ ಕಣ ತೇಲುತ್ತ ನಿಲ್ಲುತ್ತದೆ, ಚಿಕೋರಿ ಕಣ ಮುಳುಗುತ್ತ ಹಿಂದೆ ಕಂದು ದಾರ ಎಳೆಯುತ್ತದೆ. 80:20ರಲ್ಲಿ ಅಲ್ಲೊಂದು ಇಲ್ಲೊಂದು ದಾರ. 60:40ರಲ್ಲಿ ಕೆಲವೇ ಸೆಕೆಂಡಿಗೆ ಮಳೆ ಸುರಿದ ಹಾಗೆ, ಲೋಟದ ತಳ ಪೂರಾ ಕಂದು. ಮೊದಲ ಹತ್ತು ಸೆಕೆಂಡಿನಲ್ಲೇ ನೋಡಬೇಕು, ಆಮೇಲೆ ಕಾಫಿಯೂ ನೆನೆದು ಮುಳುಗುತ್ತದೆ.

ಫಿಲ್ಟರಿನೊಳಗೆ ನಡೆಯುವುದೂ ಇದೇ. ಚಿಕೋರಿ ನೆನೆದು ಅಂಟಾಗಿ, ಹಾಸು ಹಲ್ವದ ಹಾಗೆ ಕೂತುಬಿಡುತ್ತದೆ. 30 ಗ್ರಾಂ ಹಾಕಿ ಕೊಡೆಯಿಂದ ಒತ್ತಿದ ದಿನ ಒಂದು ಗಂಟೆಯಾದರೂ ಮೇಲೆ ನೀರು ನಿಂತೇ ಇತ್ತು. ಈ ಪುಡಿಗೆ ಕೊಡೆಯಿಂದ ಒತ್ತಬಾರದು, ಮೇಲೆ ಸುಮ್ಮನೆ ಇಟ್ಟರೆ ಸಾಕು. ನೀರನ್ನೂ ಎರಡು ಕಂತಿನಲ್ಲಿ ಹಾಕಬೇಕು: ಮೊದಲು 40 ಮಿಲಿ ಹಾಕಿ ಒಂದು ನಿಮಿಷ ನೆನೆಯಲು ಬಿಟ್ಟು ಆಮೇಲೆ ಉಳಿದದ್ದು. ಹೀಗೆ ಮಾಡಿದರೆ 35 ನಿಮಿಷ. ಯಾವ ಪುಡಿಯೇ ನಿಂತರೂ ಫಿಲ್ಟರನ್ನು ಟಕಟಕ ಬಡಿಯಬೇಡಿ, ಬಡಿದಷ್ಟೂ ಧೂಳು ತೂತಿಗೆ ಇಳಿದು ಇನ್ನಷ್ಟು ಕಟ್ಟಿಕೊಳ್ಳುತ್ತದೆ. ಎಷ್ಟೋ ಸಲ ತಪ್ಪು ಪುಡಿಯದ್ದಾಗಿರುವುದೇ ಇಲ್ಲ. ಎರಡು ಪಾತ್ರೆ ಕೂಡುವ ಜಾಗ ಒದ್ದೆಯಾಗಿ ಬಿಗಿದುಕೊಂಡು ಕೆಳಗಿನ ಗಾಳಿ ಹೊರಗೆ ಹೋಗಲು ದಾರಿ ಇಲ್ಲದೆ ಹನಿ ನಿಂತಿರುತ್ತದೆ. ಮೇಲಿನ ಪಾತ್ರೆಯನ್ನು ಒಂದು ಕೂದಲೆಳೆ ಎತ್ತಿ ಮತ್ತೆ ಕೂರಿಸಿ, ತಾನಾಗಿ ಶುರುವಾಗುತ್ತದೆ. ಹಳೆಯ ಫಿಲ್ಟರಾದರೆ ಬೆಳಕಿಗೆ ಹಿಡಿದು ತೂತು ನೋಡಿ. ಮುಚ್ಚಿದ್ದರೆ, ಪೂರ್ತಿ ಸ್ಟೀಲಿನದ್ದಾದರೆ, ತಳವನ್ನು ಗ್ಯಾಸ್ ಉರಿಗೆ ಅರ್ಧ ನಿಮಿಷ ಹಿಡಿದು ಆರಿದ ಮೇಲೆ ಬ್ರಷ್ಷಿನಿಂದ ಉಜ್ಜಿದರೆ ಸುಟ್ಟ ಜಿಡ್ಡು ಉದುರುತ್ತದೆ.

60:40ರ ರುಚಿ? ಕಪ್ಪು, ಮಂದ, ಸುಟ್ಟ ಬೆಲ್ಲದ ಸಿಹಿ. 22 ಮಿಲಿ ಡಿಕಾಕ್ಷನ್ನಿಗೇ ಲೋಟ ತುಂಬ ಬಣ್ಣ. ಇದನ್ನೇ ‘ಸ್ಟ್ರಾಂಗ್’ ಅನ್ನುವವರಿದ್ದಾರೆ, ಆದರೆ ಚಿಕೋರಿಯಲ್ಲಿ ಕೆಫೀನ್ ಇಲ್ಲವೇ ಇಲ್ಲ. ಬಣ್ಣ ಸ್ಟ್ರಾಂಗು, ಕಾಫಿ ಅಲ್ಲ. ಸಂಜೆ ಹೊತ್ತಿಗೆ ಕಷಾಯದ ವಾಸನೆ ಬರುತ್ತದೆ. ಮನೆ ತುಂಬ ಜನ ಸೇರುವ ಹಬ್ಬ, ನಾಮಕರಣ ಅಂದರೆ ಇದೇ ಸರಿ.

ಶುದ್ಧ ರೋಬಸ್ಟಾ ಒಂದೇ ಮಾತಿನಲ್ಲಿ: ಹುರಿಗಡಲೆ ಸೀದ ವಾಸನೆ, ಗಟ್ಟಿ ಕಹಿ, ಒಳ್ಳೆಯ ನೊರೆ, ಕೆಫೀನ್ ಅರೇಬಿಕಾದ ಹೆಚ್ಚುಕಮ್ಮಿ ಎರಡರಷ್ಟು, ಸಂಜೆ ಆರರ ಮೇಲೆ ಕುಡಿದರೆ ನಿದ್ದೆಗೆ ಎಳ್ಳುನೀರು.

ಹತ್ತಕ್ಕೆ ಅಂಕ ಕೊಡುವುದಾದರೆ 80:20ಕ್ಕೆ ಎಂಟೂವರೆ. ಅರೇಬಿಕಾಗೆ ಬಂದ ಹಾಗೆ ಕುಡಿದರೆ ಮೂರು, ಮಿಕ್ಸಿಗೆ ಹಾಕಿ ಹಾಲಿನೊಂದಿಗೆ ಆರು, ಹಾಲಿಲ್ಲದೆ ಎಂಟು. 60:40ಕ್ಕೆ ಐದು. ರೋಬಸ್ಟಾಗೆ ಒಂಟಿಯಾಗಿ ಐದೂವರೆ. ಲೋಟದ ಲೆಕ್ಕದಲ್ಲಿ, ಒಂದು ಪ್ಯಾಕೆಟ್ಟಿಗೆ ಸುಮಾರು 750 ಮಿಲಿ ಡಿಕಾಕ್ಷನ್ ಬರುತ್ತದೆ, ಲೋಟಕ್ಕೆ ಬೇಕಾಗುವ ಡಿಕಾಕ್ಷನ್ ಮಾತ್ರ ಒಂದೊಂದು ಪುಡಿಗೆ ಒಂದೊಂದು ಅಳತೆ ಎಂದು ಹಿಡಿದರೆ, 80:20 ಒಂಬತ್ತೂವರೆ ರೂಪಾಯಿ ಚಿಲ್ಲರೆ, 60:40 ಐದರೊಳಗೆ, ರೋಬಸ್ಟಾ ಏಳು ಚಿಲ್ಲರೆ, ಅರೇಬಿಕಾ ರಿಪೇರಿಯಾದ ಮೇಲೆ ಹದಿನೇಳು. ಇಬ್ಬರು ದಿನಕ್ಕೆ ಎರಡೆರಡು ಲೋಟ ಕುಡಿದರೆ ತಿಂಗಳಿಗೆ 80:20 ಸಾವಿರದ ನೂರೈವತ್ತರ ಹತ್ತಿರ, ಅರೇಬಿಕಾ ಎರಡು ಸಾವಿರ ದಾಟುತ್ತದೆ. ನನ್ನ ಬಜೆಟ್ಟು ಮೊದಲನೆಯದಕ್ಕೇ ನಿಲ್ಲುತ್ತದೆ. ಸಾಗಣೆ ಬೇರೆ, ಪ್ರತಿ ಆರ್ಡರಿಗೆ 70 ರೂಪಾಯಿ. ಅದನ್ನು ಉಳಿಸಲು ಒಟ್ಟಿಗೆ ಒಂದು ಕಿಲೋ ತರಿಸುವ ಆಸೆ ಬೇಡ. ತೆರೆದ ಪುಡಿಯ ಪರಿಮಳ ಎರಡು ವಾರಕ್ಕೆ ಇಳಿದುಹೋಗುತ್ತದೆ. ಕಾಲು ಕಿಲೋದ ಎರಡು ಪ್ಯಾಕೆಟ್ ತರಿಸಿ ಒಂದನ್ನು ಸೀಲ್ ಒಡೆಯದೆ ಇಡುವುದು ಸರಿ.

ಹಾಲಿಲ್ಲದೆ ಕುಡಿಯುವವರಿಗೆ ನನ್ನ ತೀರ್ಪು ಲೆಕ್ಕಕ್ಕಿಲ್ಲ, ಅವರು ಅರೇಬಿಕಾವನ್ನೇ, ಅದೂ ಕಾಗದದ ಫಿಲ್ಟರಿಗೆ ಬೀಸಿದ್ದನ್ನೇ ತರಿಸಲಿ. ಉಳಿದವರು ಆರ್ಡರ್ ಒತ್ತುವ ಮೊದಲು ‘ಸೌತ್ ಇಂಡಿಯನ್ ಫಿಲ್ಟರ್’ ಎಂದಿದೆಯೇ ನೋಡಿ. ಇಲ್ಲದಿದ್ದರೆ ಟಿಪ್ಪಣಿ ಬರೆಯುವ ಜಾಗದಲ್ಲಿ ‘ಸ್ಟೀಲ್ ಫಿಲ್ಟರಿಗೆ, ಚಿರೋಟಿ ರವೆಯಷ್ಟು’ ಎಂದು ಬರೆಯಿರಿ, ನಮ್ಮ ಕಡೆಯ ಮಾರಾಟಗಾರರಿಗೆ ಅರ್ಥವಾಗುತ್ತದೆ. ಈಗಾಗಲೇ ತರಿ ಅರೇಬಿಕಾ ತಂದು ಕೂತಿದ್ದರೆ, ಮಿಕ್ಸಿಯ ರಗಳೆಯೂ ಬೇಡವೆಂದರೆ, ಎರಡು ಚಮಚ ಅದಕ್ಕೆ ಒಂದು ಚಮಚ ನುಣುಪಾದ ರೋಬಸ್ಟಾ ಪುಡಿ ಬೆರಸಿ. ನುಣುಪು ಸಂದು ತುಂಬುತ್ತದೆ, ನೀರು ಹನ್ನೆರಡು ನಿಮಿಷ ನಿಲ್ಲುತ್ತದೆ. ಇಲ್ಲಿ ಉಳಿದಿರುವ ಎರಡೂ ಪ್ಯಾಕೆಟ್ ಹಾಗೇ ಖಾಲಿಯಾಗುತ್ತಿವೆ.