ಸೇಫ್ಟಿ ವಾಲ್ವ್ ಲೆಕ್ಕ ಮಾಡಿಸಿದ್ದೇವೆ: ಕೆಲಸ ಚೆನ್ನಾಗಿದೆ, ಸ್ಟೀಮ್ ಕಡೆ ಮಾತ್ರ ಕಣ್ಣಿಡಿ

ರಾಯಚೂರಿನ ನಮ್ಮ ಸಾಲ್ವೆಂಟ್ ರಿಕವರಿ ಘಟಕದ ಟೊಲ್ಯೂಯೀನ್ ಕಾಲಮ್‌ಗೆ (ಟೊಲ್ಯೂಯೀನ್ ಅನ್ನೋ ಸಾಲ್ವೆಂಟನ್ನು ಕುದಿಸಿ ಬೇರ್ಪಡಿಸುವ ಗೋಪುರ) ರಿಲೀಫ್ ಲೋಡ್, ಅಂದರೆ ಒತ್ತಡ ಮಿತಿಮೀರಿದಾಗ ಸೇಫ್ಟಿ ವಾಲ್ವ್ ಹೊರಬಿಡಬೇಕಾದ ಆವಿ ಎಷ್ಟು ಅಂತ, ಲೆಕ್ಕ ಹಾಕಿಸಲು ಹೊರಗಿನ ಕನ್ಸಲ್ಟೆಂಟ್‌ಗೆ ಕೆಲಸ ಕೊಟ್ಟಿದ್ದೆವು. ಹೆಸರು ಬೇಡ ಬಿಡಿ.

ಕೂತಲ್ಲೇ ರಿಪೋರ್ಟ್ ಬರೆಯುವ ಜನ ಅಲ್ಲ ಇವರು. ಮೇ ತಿಂಗಳ ಮಧ್ಯಾಹ್ನ, ರಾಯಚೂರಿನ ಬಿಸಿಲು ಗೊತ್ತಲ್ಲ, ಅವರ ಹುಡುಗ ಕಾಲಮ್ ಮೇಲೆ ಹತ್ತಿ ಸೇಫ್ಟಿ ವಾಲ್ವಿನ ನೇಮ್‌ಪ್ಲೇಟ್ ಮೇಲಿದ್ದ ಪೇಂಟನ್ನು ನಾಣ್ಯದಿಂದ ಕೆರೆದು ಸೆಟ್ ಪ್ರೆಶರ್ (ವಾಲ್ವ್ ತೆರೆಯಲು ಶುರುವಾಗುವ ಒತ್ತಡ) ಓದಿಕೊಂಡ. ಕರೆಂಟ್ ಹೋದರೆ ಕೂಲಿಂಗ್ ವಾಟರ್ ಪಂಪು, ರಿಫ್ಲಕ್ಸ್ ಪಂಪು (ತಂಪಾದ ದ್ರವವನ್ನು ಕಾಲಮ್ ಮೇಲಕ್ಕೆ ವಾಪಸ್ ಕಳಿಸುವುದು) ಎರಡೂ ಒಟ್ಟಿಗೆ ನಿಲ್ಲುತ್ತವೆ, ಆದರೆ ಹೆಡರ್‌ನಲ್ಲಿ (ಸ್ಟೀಮಿನ ಮುಖ್ಯ ಪೈಪು) ಉಳಿದ ಸ್ಟೀಮ್ ರಿಬಾಯ್ಲರ್‌ಗೆ (ಸ್ಟೀಮಿನ ಶಾಖದಿಂದ ಕಾಲಮ್ ತಳದ ದ್ರವ ಕುದಿಸುವ ಉಪಕರಣ) ಬರುತ್ತಲೇ ಇರುತ್ತದೆ ಅಲ್ವಾ, ಅದನ್ನೂ ಬಿಟ್ಟಿಲ್ಲ. ಟ್ಯೂಬ್ ಒಡೆಯುವ ಲೆಕ್ಕದಲ್ಲಿ ಒಂದು ಟ್ಯೂಬ್ ಪೂರ್ತಿ ತುಂಡಾಗಿ ಎರಡೂ ತುದಿಯಿಂದ ಹರಿಯುತ್ತದೆ ಅಂತ ಹಿಡಿದಿದ್ದಾರೆ. ಎಪಿಐ 521 (ರಿಲೀಫ್ ಲೆಕ್ಕಕ್ಕೆ ಬಳಸುವ ಅಮೆರಿಕದ ಮಾನದಂಡ) ದಾರಿಯೂ ಅದೇ.

ತಕರಾರು ಬಂದದ್ದು ರಿಬಾಯ್ಲರ್ ಹತ್ತಿರ. ಮಾಮೂಲಿ ದಿನ ಟೊಲ್ಯೂಯೀನ್ 111 ಡಿಗ್ರಿಯಲ್ಲಿ ಕುದಿಯುತ್ತದೆ, ಶೆಲ್‌ನಲ್ಲಿ (ಟ್ಯೂಬುಗಳ ಸುತ್ತಲಿನ ಕವಚ) ಸ್ಟೀಮ್ ಸುಮಾರು 148 ಡಿಗ್ರಿ, 3.5 ಬಾರ್ ಗೇಜ್. ಅಂತರ 37, ಶಾಖ ಹರಿಯುವುದು ಈ ಅಂತರದ ಬಲದಿಂದಲೇ. ನಮ್ಮ ವಾಲ್ವ್ 1 ಬಾರ್‌ಗೆ ಸೆಟ್ ಆಗಿದೆ. ಅದು ಪೂರ್ತಿ ತೆರೆಯುವ ಹೊತ್ತಿಗೆ ಒತ್ತಡ ಏರಿ ಟೊಲ್ಯೂಯೀನ್ ಕುದಿಯುವ ಬಿಂದು 140ರ ಹತ್ತಿರ ಹೋಗಿರುತ್ತದೆ, ಅಂತರ 8ಕ್ಕೆ ಇಳಿಯುತ್ತದೆ. ಹಾಗಾಗಿ ಶಾಖ ಮಾಮೂಲಿಯ ಐದನೇ ಒಂದು ಭಾಗದಷ್ಟೇ ಅಂತ ಬರೆದು ಮುಗಿಸಿದ್ದರು. ಲೆಕ್ಕ ಸರಿಯೇ, ಆದರೆ ಸ್ಟೀಮ್ ಕಂಟ್ರೋಲ್ ವಾಲ್ವ್ ಪೂರ್ತಿ ತೆರೆದು ಸಿಕ್ಕಿಬಿದ್ದರೆ? ನಮ್ಮ ಹೆಡರ್ 7 ಬಾರ್, ಅಂದರೆ 170 ಡಿಗ್ರಿ. ಅಂತರ ಮತ್ತೆ 30, ಲೋಡ್ ನಾಲ್ಕು ಪಟ್ಟು ಹತ್ತಿರ! ಜೊತೆಗೆ ಹೊಲಸು ಕಟ್ಟಿದ ಟ್ಯೂಬಿನ ಶಾಖ ಗುಣಾಂಕ (ಟ್ಯೂಬ್ ಎಷ್ಟು ಸಲೀಸಾಗಿ ಶಾಖ ದಾಟಿಸುತ್ತದೆ ಅನ್ನುವ ಅಂಕಿ) ಹಾಕಿದ್ದರು, ಕ್ಲೀನಿಂಗ್ ಆದ ಮರುದಿನ ಟ್ಯೂಬ್ ಇನ್ನೂ ಜಾಸ್ತಿ ಶಾಖ ಕೊಡುತ್ತದೆ, ರಿಲೀಫ್ ಲೆಕ್ಕಕ್ಕೆ ಅದನ್ನೇ ಹಾಕಬೇಕು.

ಕೇಳಿದ್ದಕ್ಕೆ ಮುಖ ಸಿಂಡರಿಸಲಿಲ್ಲ, ಎರಡೂ ತಿದ್ದಿ ಕೊಟ್ಟರು. ಕೊನೆಗೆ ಈಗಿನ ವಾಲ್ವ್ ಸಾಕಾಗುವುದಿಲ್ಲ ಅಂತ ಬಂತು, ದೊಡ್ಡದಕ್ಕೆ ಆರ್ಡರ್ ಹಾಕಿದ್ದೇವೆ.

ಫೀಸ್ ಜಾಸ್ತಿಯೇ. ಆದರೂ ಐದಕ್ಕೆ ನಾಲ್ಕು ಕೊಡುತ್ತೇನೆ. ಕೆಲಸ ಕೊಡುವಾಗ ಲೆಕ್ಕದ ಎಕ್ಸೆಲ್ ಫೈಲ್ ಬೇಕು ಅಂತ ಮೊದಲೇ ಬರೆಸಿಕೊಳ್ಳಿ. ಸುಮ್ನೆ ಪಿಡಿಎಫ್ ಕೊಟ್ಟರೆ ಇಂಥದ್ದು ಕಣ್ಣಿಗೆ ಬೀಳುವುದೇ ಇಲ್ಲ.