ಗೂಗಲ್‌ನಲ್ಲಿ ಮೊದಲ ಸ್ಥಾನ ಕೊಡಿಸುತ್ತೇವೆ ಎಂದವರು ನಮ್ಮ ಅಂಗಡಿಯ ಫೋನ್ ನಂಬರನ್ನೇ ಬದಲಿಸಿದರು

ದಾವಣಗೆರೆಯ ಪಿ.ಬಿ. ರಸ್ತೆಯಿಂದ ಸ್ವಲ್ಪ ಒಳಗೆ ನಮ್ಮದೊಂದು ಮೋಟರ್ ವೈಂಡಿಂಗ್ ಅಂಗಡಿ ಇದೆ, ಸುಟ್ಟ ಬೋರ್ ಮೋಟರ್‌ಗಳಿಗೆ ಹೊಸ ತಂತಿ ಸುತ್ತಿಕೊಡುವ ಕೆಲಸ. ನಮ್ಮ ಮಾವನವರು ಶುರು ಮಾಡಿದ್ದು. ಈಗ ಯಜಮಾನರು ನೋಡಿಕೊಳ್ಳುತ್ತಾರೆ. ಬಿಲ್ಲು, ಲೆಕ್ಕ, ಫೋನು, ವೆಬ್‌ಸೈಟು ಇವೆಲ್ಲ ನನ್ನ ಪಾಲಿನ ಕೆಲಸ. ನಮ್ಮ ಹಾಗೆ ಸಣ್ಣ ಅಂಗಡಿ, ವರ್ಕ್‌ಶಾಪ್, ಹೋಟೆಲ್ ಇಟ್ಟುಕೊಂಡು ಈಗೀಗ ವೆಬ್‌ಸೈಟ್ ಮಾಡಿಸುತ್ತಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ನಮ್ಮ ದುಡ್ಡು ಹೋಯಿತು, ಅದು ಹೋಗಲಿ. ಮಾವನ ಕಾಲದಿಂದ ಬರುತ್ತಿದ್ದ ಗಿರಾಕಿಗಳ ಮುಂದೆ ತಲೆ ತಗ್ಗಿಸುವ ಹಾಗಾಯಿತು, ಆ ನೋವು ಇನ್ನೂ ಹೋಗಿಲ್ಲ.

ಕಳೆದ ವರ್ಷ ಆಗಸ್ಟ್‌ನಲ್ಲಿ ಒಂದು ಫೋನ್ ಬಂತು. "ಮೇಡಂ, ಗೂಗಲ್ ಕಡೆಯಿಂದ ಮಾತಾಡ್ತಿದೀವಿ. ಮ್ಯಾಪ್‌ನಲ್ಲಿ ನಿಮ್ಮ ಅಂಗಡಿ ಹೆಸರಿನ ಅವಧಿ ಮುಗೀತಾ ಬಂತು." ನಾನು ಹೆದರಿದೆ. ಗೂಗಲ್ ಮ್ಯಾಪ್‌ನಲ್ಲಿ ಅಂಗಡಿಯ ಹೆಸರು ಹಾಕುವುದಕ್ಕೆ ಒಂದು ಪೈಸೆಯೂ ಇಲ್ಲ, ಅದಕ್ಕೆ ಅವಧಿ ಅಂತಲೂ ಇಲ್ಲ. ಇದು ನನಗೆ ಆಗ ಗೊತ್ತಿರಲಿಲ್ಲ. ಎರಡು ದಿನ ಬಿಟ್ಟು ಅವರ ಕಂಪನಿಯ ಹುಡುಗ ಅಂಗಡಿಗೇ ಬಂದ. ನಿಮ್ಮ ವೆಬ್‌ಸೈಟ್ ಚೆನ್ನಾಗಿಲ್ಲ, ಹೊಸದು ಮಾಡಿ ಎಸ್‌ಇಒ, ಅಂದರೆ ಗೂಗಲ್ ಹುಡುಕಾಟದಲ್ಲಿ ಸೈಟ್ ಮೇಲೆ ಬರುವ ಹಾಗೆ ಮಾಡುವ ಕೆಲಸ, ಮಾಡಿಕೊಡುತ್ತೇವೆ, 15 ದಿನದಲ್ಲಿ ಮೊದಲ ಪುಟ, 45 ದಿನದಲ್ಲಿ ಮೊದಲ ಸ್ಥಾನ, ಗ್ಯಾರಂಟಿ ಅಂದ. ಶುರುವಿಗೆ 18,000 ರೂಪಾಯಿ, ಆಮೇಲೆ ತಿಂಗಳಿಗೆ 6,500. ಯಜಮಾನರು ನನ್ನ ಮುಖ ನೋಡಿದರು. ನಾನೇ ಹೂಂ ಅಂದೆ.

45 ದಿನಕ್ಕೆ ಸರಿಯಾಗಿ ಅವನು ಬಂದ. ನನ್ನ ಫೋನ್ ತೆಗೆದುಕೊಂಡು "ಬೆಸ್ಟ್ ಅಫೋರ್ಡಬಲ್ ಸಬ್‌ಮರ್ಸಿಬಲ್ ಪಂಪ್ ಸರ್ವಿಸ್ ಪ್ರೊವೈಡರ್ ಇನ್ ದಾವಣಗೆರೆ" ಅಂತ ಇಂಗ್ಲಿಷಿನಲ್ಲಿ ಟೈಪ್ ಮಾಡಿದ. ಮೊದಲನೆಯದೇ ನಮ್ಮ ಅಂಗಡಿ! ಅವತ್ತು ಯಜಮಾನರು ಖುಷಿಯಿಂದ ಎಲ್ಲರಿಗೂ ಮಂಡಕ್ಕಿ ಮಿರ್ಚಿ ತರಿಸಿದರು.

ಈಗ ಯೋಚನೆ ಮಾಡಿ. ಜಗಳೂರಿನ ಕಡೆಯ ರೈತನ ಮೋಟರ್ ಸುಟ್ಟರೆ ಅವನು ಹೀಗೆ ಹುಡುಕುತ್ತಾನಾ? "ಬೋರ್ ಮೋಟರ್ ರಿಪೇರಿ" ಅಂತ ಹುಡುಕುತ್ತಾನೆ. "ಮೋಟರ್ ವೈಂಡಿಂಗ್ ದಾವಣಗೆರೆ" ಅನ್ನುತ್ತಾನೆ. ಟೈಪ್ ಮಾಡಲು ಬಾರದವರು ಫೋನಿನ ಮೈಕ್ ಒತ್ತಿ ಕನ್ನಡದಲ್ಲೇ ಕೇಳುತ್ತಾರೆ. ಯಾರೂ ಹುಡುಕದ ಉದ್ದದ ಸಾಲಿಗೆ ಪೈಪೋಟಿಯೇ ಇರುವುದಿಲ್ಲ, ಅಲ್ಲಿ ಮೊದಲು ಬರುವುದು ಕಷ್ಟವೇ ಅಲ್ಲ. ಸಾಲದ್ದಕ್ಕೆ ಅವನು ಹುಡುಕಿದ್ದು ನಮ್ಮ ಅಂಗಡಿಯೊಳಗೆ ಕೂತು. ಇಂಥ ಹುಡುಕಾಟಕ್ಕೆ ಗೂಗಲ್ ಹತ್ತಿರದ ಅಂಗಡಿಗಳನ್ನು ಮುಂದೆ ತೋರಿಸುತ್ತದೆ. ಅದೇ ಮಾತನ್ನು ಚನ್ನಗಿರಿಯಲ್ಲಿ ನಿಂತು ಹುಡುಕಿದರೆ ಬೇರೆಯೇ ಪಟ್ಟಿ ಬರಬಹುದು.

ಇದನ್ನೆಲ್ಲ ನನಗೆ ಬಿಡಿಸಿ ಹೇಳಿದ್ದು ನನ್ನ ತಂಗಿಯ ಮಗ. ಇಂಜಿನಿಯರಿಂಗ್ ಓದುತ್ತಿದ್ದಾನೆ. ಸಂಕ್ರಾಂತಿಗೆ ಬಂದವನು ಕೇಳಿದ, "ದೊಡ್ಡಮ್ಮ, ಸರ್ಚ್ ಕನ್ಸೋಲ್ ಯಾರ ಹತ್ರ ಇದೆ?" ನಾನು ಆ ಹೆಸರನ್ನೇ ಕೇಳಿರಲಿಲ್ಲ. ಅದು ಗೂಗಲ್ ಉಚಿತವಾಗಿ ಕೊಡುವ ಸೌಲಭ್ಯ. ಜನ ಯಾವ ಮಾತು ಹುಡುಕಿದಾಗ ನಮ್ಮ ಸೈಟ್ ಕಾಣಿಸಿತು, ಎಷ್ಟು ಜನ ಒತ್ತಿ ಒಳಗೆ ಬಂದರು ಅನ್ನುವುದೆಲ್ಲ ಅದರಲ್ಲಿ ಸಿಗುತ್ತದೆ. 16 ತಿಂಗಳ ಲೆಕ್ಕ ಇರುತ್ತದೆ. ಕಂಪನಿಯವರಿಗೆ ನಾಲ್ಕು ಸಲ ಫೋನ್ ಮಾಡಿ ಜಗಳ ಆಡಿದ ಮೇಲೆ ನಮಗೆ ನೋಡಲಷ್ಟೇ ಅನುಮತಿ ಕೊಟ್ಟರು.

ಅವರು ಪ್ರತಿ ತಿಂಗಳು ಹಸಿರು ಬಾಣ ಹಾಕಿ ಕಳಿಸುತ್ತಿದ್ದ ಆ "ಮೊದಲ ಸ್ಥಾನ"ದ ಸಾಲು ಮೂರು ತಿಂಗಳಲ್ಲಿ ಕಾಣಿಸಿಕೊಂಡದ್ದು 11 ಸಲ. ಒತ್ತಿದವರು ಇಬ್ಬರು. ಅದರಲ್ಲಿ ಒಬ್ಬಳು ನಾನೇ ಇರಬೇಕು. "ಮೋಟರ್ ವೈಂಡಿಂಗ್ ದಾವಣಗೆರೆ" ಅನ್ನುವ ಹುಡುಕಾಟದಲ್ಲಿ ನಾವು 38ನೇ ಜಾಗದಲ್ಲಿದ್ದೆವು.

ತಂಗಿಯ ಮಗ ಇನ್ನೂ ಒಳಗೆ ಹೋಗಿ ನೋಡಿದ. ಜಗಳೂರು, ಹೊನ್ನಾಳಿ, ನ್ಯಾಮತಿ, ಹರಿಹರ, ಮಾಯಕೊಂಡ ಅಂತ ಊರಿಗೊಂದರಂತೆ 60ಕ್ಕೂ ಜಾಸ್ತಿ ಪುಟ ಮಾಡಿಟ್ಟಿದ್ದರು. ಊರಿನ ಹೆಸರು ಬಿಟ್ಟರೆ ಎಲ್ಲದರಲ್ಲೂ ಅದೇ ಬರಹ. ಹೊನ್ನಾಳಿಯ ಪುಟದಲ್ಲಿ ಎರಡನೇ ಸಾಲು "ಚನ್ನಗಿರಿಯ ರೈತ ಬಾಂಧವರೇ" ಅಂತ ಇತ್ತು, ಬದಲಿಸಲು ಮರೆತಿದ್ದಾರೆ. ಹೀಗೆ ಹುಡುಕಾಟಕ್ಕೆ ಬಲೆ ಬೀಸಲೆಂದೇ ಮಾಡಿದ ಪುಟಗಳನ್ನು ಗೂಗಲ್ ತನ್ನ ನಿಯಮಗಳಲ್ಲಿ ಸ್ಪ್ಯಾಮ್ ಎಂದೇ ಬರೆದಿದೆ. ನಮ್ಮ ಸೈಟಿಗೆ ಲಿಂಕ್ ಕೊಟ್ಟವರ ಪಟ್ಟಿ ತೆಗೆದರೆ ಅದರ ತುಂಬ ಹೊರದೇಶದ ಜೂಜಿನ ಸೈಟುಗಳು. ಹಿಂದೆ ಲಿಂಕ್ ಕೊಂಡು ಹಾಕಿದರೆ ಸೈಟ್ ಮೇಲೆ ಬರುತ್ತಿತ್ತಂತೆ. 2012ರಲ್ಲಿ ಗೂಗಲ್ ಪೆಂಗ್ವಿನ್ ಅನ್ನುವ ಬದಲಾವಣೆ ತಂದು ಅಂಥ ಸೈಟುಗಳನ್ನು ಕೆಳಗೆ ತಳ್ಳಿತು. "ಮೆಟಾ ಕೀವರ್ಡ್ಸ್", ಅಂದರೆ ಪುಟದ ಕೋಡಿನೊಳಗೆ ಕಾಣದ ಹಾಗೆ ಬರೆದಿಡುವ ಪದಗಳ ಪಟ್ಟಿ, ಅಂತ ಬಿಲ್ಲಿನಲ್ಲಿ 3,000 ರೂಪಾಯಿ ಬೇರೆ ಹಾಕಿದ್ದರು. ಅದನ್ನು ತಾನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ ಅಂತ ಗೂಗಲ್ 2009ರಲ್ಲೇ ಹೇಳಿಬಿಟ್ಟಿದೆ.

ಫೆಬ್ರವರಿಯಲ್ಲಿ ದುಡ್ಡು ಕೊಡುವುದು ನಿಲ್ಲಿಸಿದೆ. ಇಲ್ಲಿಗೆ ಮುಗಿಯಿತು ಅಂದುಕೊಂಡೆ. ನಿಜವಾದ ಪೆಟ್ಟು ಬಿದ್ದದ್ದು ಅದರ ಮೇಲೆ.

ಮಾರ್ಚ್ ಬಂತೆಂದರೆ ನಮಗೆ ಉಸಿರಾಡಲು ಪುರುಸೊತ್ತಿರುವುದಿಲ್ಲ. ಬೋರಿನಲ್ಲಿ ನೀರು ಇಳಿಯುತ್ತದೆ, ವೋಲ್ಟೇಜ್ ಸರಿಯಾಗಿ ಬರುವುದಿಲ್ಲ, ಮೋಟರ್‌ಗಳು ಒಂದರ ಹಿಂದೆ ಒಂದು ಸುಡುತ್ತವೆ. ಈ ಸಲ ಫೋನು ಸುಮ್ನೆ ಬಿದ್ದಿತ್ತು. ಮೊದಲ ವಾರ ಕಳೆಯಿತು, ಎರಡನೆಯದೂ ಕಳೆಯಿತು. ಒಂದು ದಿನ ಬೆಳಿಗ್ಗೆ ಜಗಳೂರು ಕಡೆಯ ಗೌಡರೊಬ್ಬರು ಟಾಟಾ ಏಸ್‌ನಲ್ಲಿ ಮೋಟರ್ ಹಾಕಿಕೊಂಡು ಬಂದರು. ಮಾವನ ಕಾಲದ ಗಿರಾಕಿ. ಇಳಿದವರೇ ನನ್ನ ಕಡೆ ನೋಡಿ, "ಏನವ್ವಾ, ನಿಮ್ ಮಾವ ಇದ್ದಿದ್ರೆ ಹಿಂಗ್ ಮಾಡ್ತಿದ್ರಾ?" ಅಂದರು.

ನನಗೆ ಏನೂ ತಿಳಿಯಲಿಲ್ಲ. "ಏನಾಯ್ತು ಗೌಡ್ರೇ?" ಅಂದೆ. ಮಗನ ಫೋನಿನಲ್ಲಿ ನಮ್ಮ ಅಂಗಡಿ ಹುಡುಕಿಸಿ ಫೋನ್ ಮಾಡಿಸಿದ್ದಾರೆ. ಹುಡುಗರು ಬಂದು ಮೋಟರ್ ಎತ್ತಿಕೊಂಡು ಹೋಗಿ, ವೈಂಡಿಂಗ್ ಮಾಡಿ, ಮತ್ತೆ ಇಳಿಸಿ, ಪೂರ್ತಿ ದುಡ್ಡು ತೆಗೆದುಕೊಂಡು ಹೋಗಿದ್ದಾರೆ. ಹನ್ನೆರಡು ದಿನಕ್ಕೆ ಮತ್ತೆ ಸುಟ್ಟಿದೆ. ಅಡಿಕೆ ಸಸಿಗಳಿಗೆ ಟ್ಯಾಂಕರ್ ನೀರು ಹೊಡೆಸುತ್ತಿದ್ದರು.

ಯಜಮಾನರು ಮೋಟರ್ ಬಿಚ್ಚಿದರು. ಕಾಯಿಲ್‌ನಿಂದ ಒಂದು ತುಂಡು ತಂತಿ ಕತ್ತರಿಸಿ, ಮೇಲಿನ ಪ್ಲಾಸ್ಟಿಕ್ ಸುತ್ತು ಸುಲಿದು, ಬ್ಲೇಡಿನಿಂದ ಕೆರೆದರು. ಕೆಂಪಗೆ ಹೊಳೆಯಬೇಕಾಗಿತ್ತು. ಬೆಳ್ಳಗಿತ್ತು. ತಾಮ್ರದ ದುಡ್ಡು ತೆಗೆದುಕೊಂಡು ಅಲ್ಯೂಮಿನಿಯಂ ಸುತ್ತಿದ್ದರು. ಯಜಮಾನರು ಆ ತುಂಡನ್ನು ಗೌಡರ ಅಂಗೈ ಮೇಲೆ ಇಟ್ಟು, "ಇದು ನಮ್ಮ ಕೈ ಕೆಲಸ ಅಲ್ಲ ಗೌಡ್ರೇ" ಅಂದರು. ಅವರ ದನಿ ನಡುಗುತ್ತಿತ್ತು.

ಗೌಡರ ಮಗ ಹೊಡೆದಿದ್ದ ನಂಬರಿಗೆ ಅವನ ಫೋನಿನಿಂದಲೇ ಮತ್ತೆ ಮಾಡಿಸಿದೆ. ಎತ್ತಿದವರು ಬೇರೆ ಯಾರೋ. "ಹೌದ್ರೀ, ಅದೇ ಅಂಗಡಿ, ಎಲ್ಲಿಗ್ ಬರ್ಬೇಕು ಹೇಳಿ" ಅಂದರು.

ಸೆಪ್ಟೆಂಬರ್‌ನಲ್ಲಿ ಆ ಕಂಪನಿಯ ಹುಡುಗ ಒಂದು ಮಾತು ಹೇಳಿದ್ದು ಆಗ ನೆನಪಾಯಿತು. "ವೆಬ್‌ಸೈಟ್‌ನಲ್ಲಿ, ಮ್ಯಾಪ್‌ನಲ್ಲಿ ನಮ್ಮದೊಂದು ನಂಬರ್ ಹಾಕ್ತೀವಿ ಮೇಡಂ. ಅದಕ್ಕೆ ಬಂದ ಕಾಲ್ ನಿಮ್ಮ ಫೋನಿಗೇ ಬರುತ್ತೆ. ಎಷ್ಟು ಕಾಲ್ ಬಂತು ಅಂತ ಲೆಕ್ಕ ಸಿಗುತ್ತೆ." ಹೀಗೆ ಲೆಕ್ಕ ಇಡುವ ಪದ್ಧತಿ ಇದೆ, ಅದು ತಪ್ಪಲ್ಲ. ಆದರೆ ನಂಬರ್ ಅವರದು. ದುಡ್ಡು ನಿಂತ ಕೂಡಲೇ ಕರೆಗಳನ್ನು ಬೇರೆ ಯಾರಿಗೋ ತಿರುಗಿಸಿದರು. ಮಾವನ ಹೆಸರು, ನಮ್ಮ ಬೋರ್ಡಿನ ಫೋಟೋ, ಕೆಲಸಕ್ಕೆ ಬಂದವರು ಇನ್ಯಾರೋ.

ನಂಬರ್ ತೆಗೆಯಿರಿ ಅಂದರೆ ಆರು ತಿಂಗಳ ದುಡ್ಡು ಕಟ್ಟಿ ಅಂದರು. ಸೈಟ್ ನಮಗೆ ಬಿಟ್ಟುಕೊಡಿ ಅಂದರೆ 40,000 ಕೇಳಿದರು. ಡೊಮೇನ್, ಅಂದರೆ ವೆಬ್‌ಸೈಟಿನ ವಿಳಾಸ, ಅವರ ಹೆಸರಲ್ಲೇ ನೋಂದಣಿ ಆಗಿತ್ತು. ವರ್ಷಕ್ಕೆ ಸಾವಿರ ರೂಪಾಯಿಯ ಆಚೀಚೆ ಬೀಳುವ ವಸ್ತು ಅದು. ನಿಮ್ಮ ಮನೆಯ ಪತ್ರ ಮೇಸ್ತ್ರಿಯ ಹೆಸರಲ್ಲಿ ಇದ್ದರೆ ಹೇಗಿರುತ್ತೆ, ಹಾಗೆ.

ಮ್ಯಾಪ್ ಮಾತ್ರ ವಾಪಸ್ ಸಿಕ್ಕಿತು. ನಮ್ಮ ಜೀಮೇಲ್‌ನಿಂದ ಒಡೆತನ ಕೇಳಿ ಗೂಗಲ್‌ಗೆ ಅರ್ಜಿ ಹಾಕಿದೆವು. ಅವರು ಬೀದಿ, ಅಂಗಡಿಯ ಬೋರ್ಡು, ಒಳಗಿನ ಸಾಮಾನು ಎಲ್ಲ ಒಂದೇ ವಿಡಿಯೋದಲ್ಲಿ ತೋರಿಸಿ ಅಂದರು. ತಂಗಿಯ ಮಗ ರಸ್ತೆಯಿಂದ ಶುರು ಮಾಡಿ ವೈಂಡಿಂಗ್ ಮಿಷನ್‌ವರೆಗೆ ನಡೆದು ಬಂದು ವಿಡಿಯೋ ತೆಗೆದ. ನಮ್ಮ ನಂಬರ್ ಮತ್ತೆ ಅಲ್ಲಿ ಕಂಡಾಗ ನನಗೆ ಅಳು ಬಂತು.

ಈಗ ಹೊಸ ಡೊಮೇನ್ ನನ್ನ ಹೆಸರಲ್ಲಿ, ನನ್ನ ಇಮೇಲ್‌ಗೆ ಇದೆ. ನಾಲ್ಕೇ ಪುಟದ ಸೈಟ್, ಕನ್ನಡದಲ್ಲಿ. ಮೋಟರ್ ಸುಟ್ಟಿದೆಯೋ ಕೇಬಲ್ ಹೋಗಿದೆಯೋ ತಿಳಿಯುವುದು ಹೇಗೆ, ತಾಮ್ರಕ್ಕೂ ಅಲ್ಯೂಮಿನಿಯಂಗೂ ವ್ಯತ್ಯಾಸ ನೋಡುವುದು ಹೇಗೆ ಅಂತ ಯಜಮಾನರು ಹೇಳಿದ್ದನ್ನು ನಾನು ಬರೆದಿದ್ದೇನೆ. ನಿಧಾನವಾಗಿ ಕರೆ ಬರುತ್ತಿವೆ. ಎಸ್‌ಇಒ ಕೆಲಸದ ಫಲ ಕಾಣಲು ನಾಲ್ಕು ತಿಂಗಳಿಂದ ಒಂದು ವರ್ಷ ಬೇಕು, ಮೊದಲ ಸ್ಥಾನದ ಗ್ಯಾರಂಟಿ ಯಾರೂ ಕೊಡಲಾರರು ಅಂತ ಗೂಗಲ್ಲೇ ತನ್ನ ಪುಟದಲ್ಲಿ ಬರೆದಿದೆ. ಅದನ್ನು ಆಗಸ್ಟ್‌ನಲ್ಲೇ ಓದಿದ್ದರೆ ಚೆನ್ನಾಗಿತ್ತು ಅಂತ ದಿನಾ ಅನ್ನಿಸುತ್ತದೆ.

ಈ ಕೆಲಸ ಬಲ್ಲ ಒಳ್ಳೆಯವರು ಖಂಡಿತ ಇದ್ದಾರೆ. ಅವರಿಗೆ ಕೆಲಸ ಕೊಡಿ, ಆದರೆ ಡೊಮೇನ್ ಮೊದಲು ನಿಮ್ಮ ಇಮೇಲ್‌ನಲ್ಲಿ ಕೊಂಡು ಆಮೇಲೆ ಕೆಲಸ ಒಪ್ಪಿಸಿ. ಮ್ಯಾಪ್‌ನಲ್ಲೂ ಸರ್ಚ್ ಕನ್ಸೋಲ್‌ನಲ್ಲೂ ಮಾಲೀಕರಾಗಿ ನೀವಿರಿ, ಅವರಿಗೆ ಕೆಲಸಕ್ಕೆ ಬೇಕಾದಷ್ಟು ಅನುಮತಿ ಕೊಡಿ. ಯಾವ ಮಾತಿಗೆ ಮೊದಲ ಸ್ಥಾನ, ಅದನ್ನು ತಿಂಗಳಿಗೆ ಎಷ್ಟು ಜನ ಹುಡುಕುತ್ತಾರೆ ಅಂತ ಕೇಳಿ. ಆ ಮಾತುಗಳನ್ನು ನಿಮ್ಮ ಗಿರಾಕಿಗಳ ಬಾಯಿಂದಲೇ ಆರಿಸಿ. ಮತ್ತೆ ನಂಬರ್, ಅದು ನಿಮ್ಮ ಶಟರ್ ಮೇಲೆ ಬರೆದಿರುವ ನಂಬರೇ ಆಗಿರಲಿ, ಅಲ್ವಾ?

ಗೌಡರ ಮೋಟರನ್ನು ಯಜಮಾನರು ಕೂಲಿ ತೆಗೆದುಕೊಳ್ಳದೆ ಹೊಸದಾಗಿ ಸುತ್ತಿಕೊಟ್ಟರು. ಹಳೆಯ ವೆಬ್‌ಸೈಟ್ ಮಾತ್ರ ಇವತ್ತಿಗೂ ಹಾಗೇ ಇದೆ. ಅದರ ಮೊದಲ ಪುಟದಲ್ಲಿ ನಮ್ಮ ಮಾವ ಕಪ್ಪು ಟೋಪಿ ಹಾಕಿಕೊಂಡು ವೈಂಡಿಂಗ್ ಮಿಷನ್ ಪಕ್ಕ ಕೂತಿರುವ ಫೋಟೋ ಇದೆ. ಅದನ್ನು ನೋಡಿದರೆ ಅಲ್ಲಿರುವ ನಂಬರಿಗೆ ದಯವಿಟ್ಟು ಫೋನ್ ಮಾಡಬೇಡಿ. ಅದು ನಮ್ಮದಲ್ಲ.